ಉಪ್ಪು ನೀರಿಗೆ ಮಾತ್ರ ಕೂಗಿದ ಬಜರ್

ಶಿರಸಿಯ ನಮ್ಮ ಮನೆಯಲ್ಲಿ ಟ್ಯಾಂಕ್ ತುಂಬಿದರೆ ಒಂದು ಬಜರ್ ಕೂಗುತ್ತದೆ. ಆರು ವರ್ಷದ ಹಿಂದೆ ನಾನೇ ಮಾಡಿದ್ದು. ಹಳೆ ಮೊಬೈಲ್ ಚಾರ್ಜರಿನ 5 ವೋಲ್ಟ್, ಒಂದು ಬಿಸಿ547 ಟ್ರಾನ್ಸಿಸ್ಟರ್, 1ಕೆ ರೆಸಿಸ್ಟರ್, ಟ್ಯಾಂಕಿಗೆ ಇಳಿಬಿಟ್ಟ ಎರಡು ತಂತಿ. ಅಷ್ಟೇ. ನೀರು ಎರಡೂ ತಂತಿಗೆ ತಾಗಿದರೆ ಸಣ್ಣ ಕರೆಂಟ್ ಟ್ರಾನ್ಸಿಸ್ಟರಿನ ನಡುವಿನ ಕಾಲಿಗೆ, ಅಂದರೆ ಬೇಸ್‌ಗೆ, ಬರುತ್ತದೆ. ಟ್ರಾನ್ಸಿಸ್ಟರ್ ಆಚೀಚಿನ ಎರಡು ಕಾಲುಗಳ (ಕಲೆಕ್ಟರ್, ಎಮಿಟರ್) ನಡುವೆ ಅದರ ಹಲವು ಪಟ್ಟು ಕರೆಂಟ್ ಹರಿಸಿ ಬಜರ್ ಕೂಗಿಸುತ್ತದೆ. ಈ ಏಪ್ರಿಲ್‌ನಲ್ಲಿ ಒಂದು ಸಂಜೆ ಜೋರು ಗುಡುಗು ಬಂದು ಹೋದ ಮೇಲೆ ಬಜರ್ ಸುಮ್ಮನಾಯಿತು. ಬಾವಿಯ ತಳ ಕಾಣುವ ದಿನಗಳಲ್ಲಿ ನೀರು ಉಕ್ಕಿ ಅಂಗಳಕ್ಕೆ ಹರಿದರೆ ಆಯಿಗೆ ಎಷ್ಟು ಸಂಕಟ ಅಂತ ನನಗೆ ಗೊತ್ತು.

ಟ್ರಾನ್ಸಿಸ್ಟರ್ ಸುಟ್ಟಿರಬೇಕು ಅಂದುಕೊಂಡೆ. ಪೇಟೆಯಲ್ಲಿ ಬಿಸಿ547 ಸಿಗಲಿಲ್ಲ. ಅಂಗಡಿಯವರು 2ಎನ್3904 ಕೊಟ್ಟರು. ಅದೂ ಬಿಸಿ547ರ ಹಾಗೆ ಎನ್‌ಪಿಎನ್ ಜಾತಿಯ ಟ್ರಾನ್ಸಿಸ್ಟರೇ, ಇಷ್ಟು ಸಣ್ಣ ಕೆಲಸಕ್ಕೆ ಧಾರಾಳ ಸಾಕು. ಹಳೆಯದನ್ನು ಬಿಚ್ಚಿ, ಚಪ್ಪಟೆ ಮುಖ ಅದೇ ಕಡೆ ಇಟ್ಟು ಬೆಸುಗೆ ಹಾಕಿದೆ.

ಕೂಗಲಿಲ್ಲ.

ತಂತಿಯ ತುದಿಗಳನ್ನು ಒಂದಕ್ಕೊಂದು ತಾಗಿಸಿದರೆ ಕೀರಲು ದನಿ. ನೀರಿಗೆ ಇಳಿಸಿದರೆ ಅದೂ ಇಲ್ಲ. ಬೇಸ್‌ನಲ್ಲಿ ಮೀಟರ್ 0.6 ವೋಲ್ಟ್ ತೋರಿಸುತ್ತಿತ್ತು. ಟ್ರಾನ್ಸಿಸ್ಟರ್ ಆನ್ ಆದಾಗ ಅಲ್ಲಿ ಸುಮಾರು ಅಷ್ಟೇ ಇರಬೇಕು, ಸರಿಯಾಗಿಯೇ ಇದೆ ಅಲ್ವಾ? ಹಾಗಾಗಿ ಟ್ರಾನ್ಸಿಸ್ಟರ್ ಮೇಲೆ ಅನುಮಾನವೇ ಬರಲಿಲ್ಲ. ಎರಡು ಸಂಜೆ ತಂತಿ ಕೆರೆದೆ, ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದೆ. ಕೊನೆಗೆ ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಹಾಕಿ ತಂತಿ ಅದ್ದಿದೆ. ಸಣ್ಣಗೆ ಕೂಗಿತು!

ಉಪ್ಪು ಬಿದ್ದರೆ ನೀರಿನಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ. ಬೇಸ್‌ಗೆ ಅಷ್ಟು ಕೊಟ್ಟರೆ ಮಾತ್ರ ಕೆಲಸ ಮಾಡುತ್ತದೆ ಅಂದರೆ, ಅದರಲ್ಲಿ ಗೇನ್ (ಕರೆಂಟನ್ನು ಹಲವು ಪಟ್ಟು ಮಾಡುವ ಗುಣ) ಇಲ್ಲ. ಆಗ ಕಾಲುಗಳ ನೆನಪಾಯಿತು. ಚಪ್ಪಟೆ ಮುಖ ನಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ, ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ನಡುವಿನ ಬೇಸ್ ಬದಲಾಗುವುದಿಲ್ಲ, ಅದಕ್ಕೇ ಮೀಟರ್ 0.6 ತೋರಿಸಿದ್ದು. ಆಚೀಚಿನ ಎರಡು ಮಾತ್ರ ಅದಲುಬದಲು. ಎಮಿಟರ್ ಕಡೆ ಡೋಪಿಂಗ್ (ಸಿಲಿಕಾನ್‌ಗೆ ಬೇಕೆಂದೇ ಬೆರೆಸುವ ಬೇರೆ ವಸ್ತು) ಜಾಸ್ತಿ, ಕಲೆಕ್ಟರ್ ಕಡೆ ಕಡಿಮೆ. ಹಾಗಾಗಿ ಉಲ್ಟಾ ಹಾಕಿದರೂ ಟ್ರಾನ್ಸಿಸ್ಟರ್ ನಡೆಯುತ್ತದೆ, ಕುಂಟುತ್ತಾ. ಬಿಚ್ಚಿ, ಗೇನ್ ಅಳೆಯಲು ಮೀಟರಿನಲ್ಲಿರುವ ಎಚ್‌ಎಫ್‌ಇ ತೂತಿಗೆ ಸರಿಯಾಗಿ ಹಾಕಿದಾಗ 212 ಬಂತು. ತಿರುಗಿಸಿ ಹಾಕಿದಾಗ 5. ಪುಣ್ಯಕ್ಕೆ ಚಾರ್ಜರ್ 5 ವೋಲ್ಟಿನದು. ಎಮಿಟರ್-ಬೇಸ್ ಜೋಡಿ ಹಿಮ್ಮುಖವಾಗಿ ತಾಳುವುದು 6 ವೋಲ್ಟ್ ಅಷ್ಟೇ. 12 ವೋಲ್ಟ್ ಕೊಟ್ಟಿದ್ದರೆ ಬೇರೆಯೇ ಕಥೆ.

ಅರ್ಧ ಸುತ್ತು ತಿರುಗಿಸಿ ಬೆಸುಗೆ ಹಾಕಿದೆ. ಬರೀ ಬಾವಿ ನೀರಿಗೇ ಜೋರಾಗಿ ಕೂಗಿತು.

ಹಾಗೆಯೇ ಟ್ಯಾಂಕಿನೊಳಗಿನ ತಾಮ್ರದ ತುದಿಗಳನ್ನೂ ತೆಗೆದುಬಿಟ್ಟೆ. ಡಿಸಿ ಕರೆಂಟ್ ಹರಿದರೆ ತಾಮ್ರ ನೀರಿನಲ್ಲಿ ಸವೆಯುತ್ತದೆ, ಹಸಿರು ಕಟ್ಟುತ್ತದೆ. ಈಗ ಅಲ್ಲಿ ಎರಡು ಸ್ಟೀಲ್ ಚಮಚಗಳಿವೆ. ಆಯಿಯೇ ಅಡುಗೆಮನೆಯಿಂದ ಹುಡುಕಿ ಕೊಟ್ಟಿದ್ದು.