ಒಕ್ಲಹೋಮಾ ಆಗೋಕೆ ಮುಂಚೆ

ಅಮೆರಿಕದ ಒಕ್ಲಹೋಮಾ ರಾಜ್ಯದ ಚರಿತ್ರೆ ಓದಿದಾಗಿಂದ ತಲೆಯಿಂದ ಹೋಗ್ತಾನೇ ಇಲ್ಲ. 1830ರ ದಶಕದಲ್ಲಿ ಚೆರೋಕೀ, ಮಸ್ಕೋಗಿ ಅನ್ನೋ ಮೂಲನಿವಾಸಿ ಬುಡಕಟ್ಟುಗಳ ಜನರನ್ನ ಊರು ಬಿಡಿಸಿ ಅಲ್ಲಿಗೆ ಅಟ್ಟಿದ್ರು, ಇನ್ಮೇಲೆ ಇದು ನಿಮ್ದೇ ಅಂತ ಮಾತು ಕೊಟ್ಟು. ಆಮೇಲೆ 1889ರ ಏಪ್ರಿಲ್ 22, ಮಧ್ಯಾಹ್ನ 12ಕ್ಕೆ ಜಾಗ ಹಿಡ್ಕೊಳ್ಳಿ ಅಂತ ಸಿಗ್ನಲ್ ಕೊಟ್ಟಿದ್ದೇ ತಡ ಹೊರಗಿನ ಸಾವಿರಾರು ಜನ ಕುದುರೆ, ಗಾಡಿ, ರೈಲು ಸಿಕ್ಕಿದ್ರಲ್ಲಿ ನುಗ್ಗಿ ಅದೇ ಪ್ರದೇಶದ ನಡುಮಧ್ಯೆ 160 ಎಕರೆ ಜಾಗಗಳಿಗೆ ಗೂಟ ಹೊಡ್ಕೊಂಡ್ರು, ಸಂಜೆಯೊಳಗೆ ಗತ್ರಿ ಅನ್ನೋ ಜಾಗದಲ್ಲಿ ಟೆಂಟಿನ ಊರೇ ಎದ್ದಿತ್ತು.

ನನಗೆ ಜಾಸ್ತಿ ಸಂಕಟ ಆಗೋದು 1905ರ ವಿಷ್ಯಕ್ಕೆ. ಐದು ಬುಡಕಟ್ಟಿನವ್ರು ಸೇರಿ ಸೆಕ್ವೋಯಾ ಅಂತ ತಮ್ಮದೇ ರಾಜ್ಯಕ್ಕೆ ಸಂವಿಧಾನ ಬರೆದು, ವೋಟ್ ಹಾಕಿಸಿ, ಭಾರಿ ಬಹುಮತದಲ್ಲಿ ಗೆದ್ದು ವಾಷಿಂಗ್ಟನ್‌ಗೆ ಕಳ್ಸಿದ್ರೆ ಅಲ್ಲಿ ಯಾರೂ ಕ್ಯಾರೇ ಅನ್ನಲಿಲ್ಲ, ಇನ್ನೂ ರಾಜ್ಯ ಆಗಿರದ ಒಕ್ಲಹೋಮಾ, ಇಂಡಿಯನ್ ಅನ್ನೋ ಎರಡು ಟೆರಿಟರಿ ಒಟ್ಟಾಕಿ 1907ರಲ್ಲಿ 46ನೇ ರಾಜ್ಯ ಮಾಡಿದ್ರು. ಮಸ್ಕೋಗಿ ರಿಸರ್ವೇಶನ್, ಅಂದ್ರೆ ಆ ಜನರಿಗೆ ಮೀಸಲಿಟ್ಟ ನೆಲ, ಯಾವತ್ತೂ ರದ್ದಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳೋಕೆ 2020 ಬರ್ಬೇಕಾಯ್ತು!