ಪಿಯು ಅಂಕಪಟ್ಟಿಯ ಯಾವ ಸಾಲನ್ನು ಯಾರು ಓದುತ್ತಾರೆ?

ದ್ವಿತೀಯ ಪಿಯುಸಿ ಫಲಿತಾಂಶದ ದಿನ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ: "ಟೋಟಲ್ ಎಷ್ಟು?" ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟಿಗೆ ಹೊರಟವರಿಗೆ ಆ 600ರ ಲೆಕ್ಕ ನೆಂಟರಿಗೆ ಹೇಳಲಷ್ಟೇ ಸಾಕು. ರ‍್ಯಾಂಕ್ ಕೊಡುವಾಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಲೆಕ್ಕಕ್ಕೆ ಹಿಡಿಯುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಈ ಮೂರರ 300 ಅಂಕಗಳನ್ನು.

ಆ 300ನ್ನು 50ಕ್ಕೆ ಇಳಿಸುತ್ತಾರೆ, ಸಿಇಟಿಯ 180ನ್ನು ಇನ್ನೊಂದು 50ಕ್ಕೆ. ಪಿಯುಸಿಯಲ್ಲಿ 285, ಸಿಇಟಿಯಲ್ಲಿ 90 ಬಂದರೆ 47.5 ಮತ್ತು 25, ಒಟ್ಟು 72.5. ಪಕ್ಕದ ಬೆಂಚಿನ ಹುಡುಗನಿಗೆ ಪಿಯುಸಿಯಲ್ಲಿ 240, ಸಿಇಟಿಯಲ್ಲಿ 108 ಎಂದುಕೊಳ್ಳಿ: 40 ಮತ್ತು 30, ಒಟ್ಟು 70. ಸಿಇಟಿಯಲ್ಲಿ 18 ಅಂಕ ಮುಂದಿದ್ದವನು ರ‍್ಯಾಂಕಿನಲ್ಲಿ ಹಿಂದೆ ಬಿದ್ದ.

ಸಿಇಟಿಯ 3 ಅಂಕಕ್ಕೆ ಪಿಯುವಿನ 5 ಅಂಕ ಸಮ. ಹಾಗೆಂದು ಸಿಇಟಿಗಷ್ಟೇ ಓದಿದರೆ ಆಯಿತು ಎನ್ನುವ ಹಾಗಿಲ್ಲ, ಏಕೆಂದರೆ ಪಿಯು ಅಂಕ ಕೈಗೆ ಸಿಗುವುದು ಸುಲಭ. ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಪ್ರಾಕ್ಟಿಕಲ್‌ಗೇ ತಲಾ 30 ಇದೆ. ಗಣಿತದಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20. ಅಲ್ಲಿಗೆ 80 ಅಂಕ ಥಿಯರಿ ಪರೀಕ್ಷೆಗೆ ಕೂರುವ ಮೊದಲೇ ತೀರ್ಮಾನವಾಗಿರುತ್ತದೆ. ರೆಕಾರ್ಡ್ ಪುಸ್ತಕವನ್ನು ಕೊನೆಯ ವಾರ ಗೆಳೆಯನದ್ದು ನೋಡಿ ಬರೆದವರು ಕಳೆದುಕೊಳ್ಳುವುದು ಇಲ್ಲೇ. ಹಾಜರಿ 75%ಕ್ಕಿಂತ ಕಡಿಮೆಯಾದರೆ ಪರೀಕ್ಷೆಗೆ ಕೂರುವುದಕ್ಕೇ ಕುತ್ತು.

ಕೋಚಿಂಗ್ ಜೊತೆಗಿನ ಕಾಲೇಜುಗಳ ಮಕ್ಕಳು ಎಡವುವ ಜಾಗ ಬೇರೆ. ಎರಡು ವರ್ಷ ನಾಲ್ಕರಲ್ಲೊಂದು ಉತ್ತರ ಆರಿಸಿದ ಕೈ 5 ಅಂಕದ ಪ್ರಶ್ನೆಗೂ ಎರಡೇ ಸಾಲು ಬರೆಯುತ್ತದೆ. ಬೋರ್ಡ್ ಪರೀಕ್ಷೆಯಲ್ಲಿ ಹಂತ ಹಂತಕ್ಕೆ ಅಂಕ. ಉತ್ತರ ಸರಿಯಿದ್ದರೂ ನಡುವಿನ ಹಂತ, ಚಿತ್ರ, ಏಕಮಾನ ಬಿಟ್ಟರೆ ಅರ್ಧ ಹೋಯಿತು. ಇದಕ್ಕೆ ಮದ್ದು ವಾರಕ್ಕೊಂದು ಹಳೇ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಮುಂದಿಟ್ಟುಕೊಂಡು ಪೂರ್ತಿ ಬರೆಯುವುದು. ಬರೀ ಓದಿ ಮುಗಿಸಿದ್ದು ಲೆಕ್ಕಕ್ಕಿಲ್ಲ. (ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಅಲ್ಲಿ ಖಾಲಿ ಬಿಟ್ಟು ಬರುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ.)

ಅಂಕ ಕಡಿಮೆ ಬಂತೆಂದರೆ ಎರಡು ದಾರಿ. ಅದೇ ವರ್ಷದ ಎರಡನೇ ಬೋರ್ಡ್ ಪರೀಕ್ಷೆ, ಅಂದರೆ ಪರೀಕ್ಷೆ-2 ಬರೆಯಬಹುದು, ಎರಡರಲ್ಲಿ ಹೆಚ್ಚಿನದ್ದು ಉಳಿಯುತ್ತದೆ. ಭೌತಶಾಸ್ತ್ರ 62ರಿಂದ 80ಕ್ಕೆ ಏರಿದರೆ ರ‍್ಯಾಂಕಿನ ಲೆಕ್ಕಕ್ಕೆ ಪೂರ್ತಿ 3 ಅಂಕ ಸೇರುತ್ತದೆ. ಸಿಇಟಿ ಲೆಕ್ಕಕ್ಕಷ್ಟೇ ಬರೆಯುವವರು ಭಾಷೆಯನ್ನೂ ಮತ್ತೆ ಕಟ್ಟಿ ಸಮಯ ಹಾಳುಮಾಡುವುದು ಬೇಡ. ಇನ್ನೊಂದು ದಾರಿ ಮರುಮೌಲ್ಯಮಾಪನ. ಮೊದಲು ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ, ವಿಷಯದ ಉಪನ್ಯಾಸಕರ ಮುಂದಿಟ್ಟು, ಅಂಕ ಬಿಟ್ಟುಹೋಗಿದೆ ಎಂದು ಅವರು ಹೇಳಿದರೆ ಮಾತ್ರ ಅರ್ಜಿ ಹಾಕಿ. ಸಿಟ್ಟಿನಲ್ಲಿ ನಾಲ್ಕೂ ವಿಷಯಕ್ಕೆ ಹಣ ಕಟ್ಟುವುದು ದಂಡ.

ಸಿಬಿಎಸ್ಇ, ಐಎಸ್‌ಸಿ ಮಕ್ಕಳಿಗೆ ಒಂದು ಹೆಚ್ಚಿನ ಕೆಲಸ ಇದೆ: 12ನೇ ತರಗತಿಯ ಅಂಕಗಳನ್ನು ಕೆಇಎ ಜಾಲತಾಣದಲ್ಲಿ ತಾವೇ ನಮೂದಿಸಬೇಕು. ಗಡುವು ಮರೆತರೆ ಸಿಇಟಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ರ‍್ಯಾಂಕ್ ತಡೆಹಿಡಿಯುತ್ತಾರೆ.

ಉಳಿದ ಕಡೆ ಲೆಕ್ಕ ಬೇರೆ. ವೈದ್ಯಕೀಯಕ್ಕೆ ರ‍್ಯಾಂಕ್ ಪೂರ್ತಿ ನೀಟ್‌ನದ್ದು. ಪಿಯುವಿನಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಸೇರಿ ಸಾಮಾನ್ಯ ವರ್ಗಕ್ಕೆ 50%, ಮೀಸಲಾತಿ ಇರುವವರಿಗೆ 40% ಇದ್ದರೆ ಅರ್ಹತೆ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆಯಲ್ಲೂ ಪಿಯು ಅಂಕ ಬೇಕಾಗುವುದು ಅರ್ಹತೆಗಷ್ಟೇ. ಬಿಕಾಂ, ಬಿಎಗೆ ಹೆಚ್ಚಿನ ಕಾಲೇಜುಗಳು ಪಿಯು ಅಂಕದ ಮೇಲೆಯೇ ಪಟ್ಟಿ ಮಾಡುತ್ತವೆ, ಅಲ್ಲಿ ನೆಂಟರ ಪ್ರಶ್ನೆ ಸರಿಯೇ.

ಭಾಷೆಯನ್ನು ಕಡೆಗಣಿಸಿದವರಿಗೆ ಹೊಡೆತ ಬೀಳುವುದು ಸುರತ್ಕಲ್‌ನ ಎನ್‌ಐಟಿಯಂಥ ಕಡೆ. ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇಯ ರ‍್ಯಾಂಕ್ ಇದ್ದರೂ 12ನೇ ತರಗತಿಯಲ್ಲಿ 75% (ಪರಿಶಿಷ್ಟರಿಗೆ 65%) ಬೇಕು, ಇಲ್ಲವೇ ಆಯಾ ಬೋರ್ಡಿನ ಮೇಲಿನ 20 ಪರ್ಸೆಂಟೈಲ್‌ನಲ್ಲಿ, ಅಂದರೆ ನೂರರಲ್ಲಿ ಮೊದಲ ಇಪ್ಪತ್ತು ಮಂದಿಯ ಸಾಲಿನಲ್ಲಿರಬೇಕು. ಇಲ್ಲಿ ಎಣಿಸುವುದು ಐದು ವಿಷಯ: ಭೌತ, ರಸಾಯನ, ಗಣಿತ, ಒಂದು ಭಾಷೆ, ಉಳಿದವುಗಳಲ್ಲಿ ಹೆಚ್ಚು ಅಂಕ ಬಂದ ಇನ್ನೊಂದು. ಮೊದಲ ಮೂರರಲ್ಲಿ 260, ಇಂಗ್ಲಿಷ್‌ನಲ್ಲಿ 62, ಇನ್ನೊಂದರಲ್ಲಿ 50 ಬಂದರೆ 372. ಬೇಕಿದ್ದದ್ದು 375.