ಬೆಂಗಳೂರು–ಮಂಗಳೂರು: ವಿಮಾನ ಒಂದು ಗಂಟೆ, ಪ್ರಯಾಣ ಐದು ಗಂಟೆ

ಬೆಂಗಳೂರಿಂದ ಮಂಗಳೂರಿಗೆ ಆಕಾಶದಲ್ಲಿ ಹೆಚ್ಚುಕಮ್ಮಿ 300 ಕಿ.ಮೀ., ರಸ್ತೆಯಲ್ಲಿ 350. ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇರುತ್ತದೆ. ಅದನ್ನು ನೋಡಿ ಖುಷಿಪಟ್ಟು ಬುಕ್ ಮಾಡುವ ಮೊದಲು ನಿಮ್ಮ ಮನೆ ಎಲ್ಲಿದೆ ಅಂತ ನೋಡಿಕೊಳ್ಳಿ.

ನಾನಿರುವುದು ಜೆ.ಪಿ. ನಗರದಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಒಂದೂವರೆಯಿಂದ ಎರಡು ಗಂಟೆ ಬೇಕು, ಹೆಬ್ಬಾಳದಲ್ಲಿ ಸಿಕ್ಕಿಕೊಂಡರೆ ದೇವರೇ ಗತಿ. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಹಾಗಾಗಿ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಆಮೇಲೆ ಹಾರಾಟ, ಇಳಿದು ಲಗೇಜಿಗೆ ಕಾಯುವುದು, ಬಜ್ಪೆ ನಿಲ್ದಾಣದಿಂದ ಗುಡ್ಡ ಇಳಿದು ಮಂಗಳೂರು ಪೇಟೆ ನಡುವಿನ ಹಂಪನಕಟ್ಟೆ ಸೇರುವುದು, ಎಲ್ಲ ಸೇರಿ ಐದು ಗಂಟೆ ದಾಟುತ್ತದೆ. ರಾತ್ರಿ ಬಸ್ಸಿಗೆ ಏಳೆಂಟು ಗಂಟೆ, ಆದರೆ ಅದು ನಿದ್ದೆಯ ಹೊತ್ತು. ಯಲಹಂಕ, ಹೆಬ್ಬಾಳದ ಕಡೆಯವರಿಗೆ ಮಾತ್ರ ವಿಮಾನ ನಿಜವಾಗಿ ಲಾಭ.

ಟರ್ಮಿನಲ್ ಒಂದೋ ಎರಡೋ ಅಂತ ಟಿಕೆಟ್‌ನಲ್ಲಿ ನೋಡಿ. ತಪ್ಪು ಕಡೆ ಇಳಿದರೂ ಪರವಾಗಿಲ್ಲ, ನಡುವೆ ಉಚಿತ ಬಸ್ ಇದೆ, ಆದರೆ ಆ ಹೊತ್ತಿನ ಗಡಿಬಿಡಿ ಯಾರಿಗೆ ಬೇಕು? ಒಬ್ಬರೇ ಆದರೆ ನಿಲ್ದಾಣಕ್ಕೆ ಹೋಗುವ ವಾಯುವಜ್ರ ಬಸ್ಸೇ ಸಾಕು, ಕ್ಯಾಬಿಗೆ ಕೊಡುವ ದುಡ್ಡಲ್ಲಿ ಕೆಲವು ಸಲ ಮಂಗಳೂರಿನ ಬಸ್ ಟಿಕೆಟ್ಟೇ ಬರುತ್ತದೆ! ಪ್ರೊಪೆಲ್ಲರ್ ಇರುವ ಸಣ್ಣ ಎಟಿಆರ್ ವಿಮಾನ ಸಿಕ್ಕಿದರೆ ಹತ್ತು ಹದಿನೈದು ನಿಮಿಷ ಜಾಸ್ತಿ ಹಿಡಿಯುತ್ತದೆ. ತಲೆ ಮೇಲಿನ ಗೂಡು ಚಿಕ್ಕದು, ಗಟ್ಟಿ ಟ್ರಾಲಿ ಬ್ಯಾಗ್ ಹಿಡಿಸುವುದು ಕಷ್ಟ, ಮೆತ್ತನೆ ಬ್ಯಾಗ್ ಒಯ್ಯಿರಿ. ಸಾಲಿಗೆ ಎರಡೆರಡೇ ಸೀಟು, ನಡುವಿನ ಸೀಟಿನ ಕಾಟ ಇಲ್ಲ. ನನಗಂತೂ ಅದೇ ಇಷ್ಟ.

ಧರ್ಮಸ್ಥಳಕ್ಕೋ ಕುಕ್ಕೆಗೋ ಹೋಗುವವರು ವಿಮಾನದ ಯೋಚನೆಯನ್ನೇ ಬಿಡಿ. ಎರಡೂ ಮಂಗಳೂರಿಗಿಂತ ಈಚೆಗೆ, ಘಟ್ಟದ ಬುಡದಲ್ಲಿವೆ. ಹಾರಿ ದಾಟಿ ಹೋಗಿ, ಮತ್ತೆ ಟ್ಯಾಕ್ಸಿಯಲ್ಲಿ ಎರಡು ಎರಡೂವರೆ ಗಂಟೆ ವಾಪಸ್ ಬರುವುದು ಸುಮ್ನೆ ದಂಡ. ಕಟೀಲಿಗಾದರೆ ಸರಿ, ಬಜ್ಪೆಯಿಂದ ಹತ್ತಿರ. ಉಡುಪಿ, ಮಣಿಪಾಲದವರು ಮಂಗಳೂರು ಪೇಟೆಗೆ ಹೋಗದೆ ಸೀದಾ ಹೊರಡಿ, ಒಂದೂವರೆ ಗಂಟೆ ಇಟ್ಟುಕೊಳ್ಳಿ.

ಮಳೆಗಾಲದ್ದು ಬೇರೆಯೇ ಕತೆ. ಬಜ್ಪೆ ನಿಲ್ದಾಣ ಇರುವುದು ಗುಡ್ಡದ ನೆತ್ತಿಯಲ್ಲಿ. ಮೋಡ ಕೆಳಗಿಳಿದು ರನ್‌ವೇ ಕಾಣದಿದ್ದರೆ ವಿಮಾನ ಮೇಲೇ ಸುತ್ತುತ್ತದೆ, ಆಗದಿದ್ದರೆ ಬೇರೆ ಊರಿಗೆ ಹೋಗುತ್ತದೆ, ಇಲ್ಲವೇ ಬೆಂಗಳೂರಿಗೇ ವಾಪಸ್. ಹಾಗಂತ ರಸ್ತೆ ನಂಬೋಣ ಅಂದರೆ ಅದೇ ಹೊತ್ತಿಗೆ ಶಿರಾಡಿಯಲ್ಲಿ ಗುಡ್ಡ ಕುಸಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮದುವೆ, ಪರೀಕ್ಷೆ, ಇಂಟರ್‌ವ್ಯೂ ಇದ್ದರೆ ಹಿಂದಿನ ದಿನವೇ ಊರು ಸೇರಿ. ಸಂಜೆ ವಿಮಾನಕ್ಕಿಂತ ಬೆಳಗ್ಗಿನದು ವಾಸಿ, ರದ್ದಾದರೂ ಇನ್ನೊಂದು ದಾರಿ ಹುಡುಕಲು ಹಗಲು ಉಳಿದಿರುತ್ತದೆ.

ಆತುರ ಇಲ್ಲದಿದ್ದರೆ ಹಗಲು ರೈಲು ಹತ್ತಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಗೆ ರೈಲು ಎರಡು ಗಂಟೆಗೂ ಜಾಸ್ತಿ ತೆವಳುತ್ತದೆ. ಸುರಂಗ, ಸೇತುವೆ, ಕಾಡು, ಕಿಟಕಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ.

ವಾಪಸ್ ಬರುವಾಗ ಮನೆಯವರು ತುಂಬಿಕೊಡುವ ಚೀಲ ಒಮ್ಮೆ ಬಿಚ್ಚಿ ನೋಡಿ. ಹಲಸಿನ ಹಪ್ಪಳ, ಕುಚ್ಚಲಕ್ಕಿ ತೊಂದರೆ ಇಲ್ಲ. ಒಣ ಕೊಬ್ಬರಿ ಇದ್ದರೆ ಬೇಗ ಬೆಂಕಿ ಹತ್ತುವ ಸಾಮಾನು ಅಂತ ತೆಗೆಸಿಬಿಡುತ್ತಾರೆ.